ಯುದ್ಧಕ್ಕೊಂದು ಫ್ರೀ ಡೇ

ನಮ್ಮ ಮನೆಯೊಳಕ್ಕೆ ಮರಗೆಣಸಿಗೆ ಪ್ರವೇಶವಿರಲಿಲ್ಲ. ಬೇರೆ ಮನೆಗಳಲ್ಲಿ ಅಪ್ಪಂದಿರು ಇಸ್ಪೀಟು, ಬೀಡಿ, ಸೆಕೆಂಡ್ ಶೋ ಸಿನಿಮಾ ಬೇಡವೆನ್ನುತ್ತಿದ್ದ ಕಾಲದಲ್ಲಿ ನಮ್ಮಪ್ಪ ಗೆಣಸು ಬೇಡವೆನ್ನುತ್ತಿದ್ದರು. ಸಂತೆಯಲ್ಲಿ ಅಮ್ಮ ಗೆಣಸಿನ ರಾಶಿಯ ಮುಂದೆ ಒಂದು ಗಳಿಗೆ ನಿಂತರೆ ಸಾಕು, ಅಪ್ಪ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದೆ ನಡೆದುಬಿಡುತ್ತಿದ್ದರು. ಹೀಗಿರುವಾಗ ಕೃಷಿ ಇಲಾಖೆಯಲ್ಲಿದ್ದ ನಮ್ಮ ಸೋದರಮಾವ ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕ ಕೂತು, ಸಬ್ಬಕ್ಕಿಯನ್ನು ಸೇಲಂ ಕಡೆ ಮರಗೆಣಸಿನ ಹಿಟ್ಟಿನಿಂದಲೇ ಮಾಡುತ್ತಾರೆ ಎಂಬ ಜ್ಞಾನವನ್ನು ಅಪ್ಪನಿಗೆ ದಾನ ಮಾಡಿದರು. ಎಲೆಯ ಮೇಲೆ ಆಗಷ್ಟೇ ಸಬ್ಬಕ್ಕಿ ಪಾಯಸ ಬಿದ್ದಿತ್ತು. ಅಪ್ಪ ಎದ್ದೇಬಿಟ್ಟರು. ಹೆಣ್ಣಿನ ತಂದೆ ಏನು ಲೋಪವಾಯಿತೋ ಎಂದು ಓಡಿ ಬಂದು ಕೈಮುಗಿದರು. “ನಿಮ್ದೇನೂ ತಪ್ಪಿಲ್ಲ, ಇದು ಜಪಾನಿನವರ ತಪ್ಪು” ಎಂದು ಅಪ್ಪ ಸಮಾಧಾನ ಹೇಳಿದರು. ಆ ಮದುವೆಗೆ ಜಪಾನಿನಿಂದ ಅಡುಗೆಯವರನ್ನು ಕರೆಸಿದ್ದರಂತೆ ಎಂಬ ಸುದ್ದಿ ಸುತ್ತಲಿನ ಹಳ್ಳಿಗಳಲ್ಲಿ ಬಹಳ ದಿನ ಓಡಾಡಿಕೊಂಡಿತ್ತು.

ಗೆಣಸಿನ ಜೊತೆಗೆ ಸೈಕಲ್ಲಿಗೂ ನಿಷೇಧ. ತಮ್ಮ ಹೈಸ್ಕೂಲಿಗೆ ಹೋಗುವಾಗ ಸೈಕಲ್ ಬೇಕೆಂದು ಊಟ ಬಿಟ್ಟು ಕೂತ. ಅಪ್ಪ ಕೊಟ್ಟ ಉತ್ತರ ಇಷ್ಟೇ: “ಸೈಕಲ್ ಹತ್ಕೊಂಡು ಬಂದೋರು ನಮ್ಮನ್ನ ಮೂರೂವರೆ ವರ್ಷ ಕೂಡಿಹಾಕಿದ್ರು.” ಹದಿಮೂರು ವರ್ಷದ ಹುಡುಗ ಇದಕ್ಕೆ ಏನು ವಾದ ಮಾಡಬೇಕು? ಎದ್ದು ಊಟ ಮಾಡಿದ.

ಇನ್ನು ಬೆಳಗಿನ ಜಾವದ ವಿಚಾರ. ನಾಲ್ಕಕ್ಕೆ ನಮ್ಮನ್ನೆಲ್ಲ ಎಬ್ಬಿಸಿ ಹಿತ್ತಲಲ್ಲಿ ಸಾಲಾಗಿ ನಿಲ್ಲಿಸಿ ಕೈಕಾಲು ಆಡಿಸುವ ಕವಾಯತು. ಎಣಿಕೆ ಕನ್ನಡದಲ್ಲಲ್ಲ, ಇಂಗ್ಲಿಷಿನಲ್ಲೂ ಅಲ್ಲ: ಇಚಿ, ನಿ, ಸಾನ್, ಶಿ. ಮೂಲೆಯಲ್ಲಿ ಹಾಲು ಕರೆಯುತ್ತಿದ್ದ ಅಜ್ಜಿ ಇದನ್ನು ಸಂಸ್ಕೃತ ಎಂದೇ ನಂಬಿದ್ದಳು; ಮಂತ್ರ ಮುಗಿಯುವವರೆಗೆ ಯಾರಿಗೂ ಕಾಫಿ ಕೊಡುತ್ತಿರಲಿಲ್ಲ. ಅಷ್ಟು ಬೇಗ ಯಾಕೆ ಏಳಬೇಕು ಎಂಬುದಕ್ಕೆ ನಮ್ಮಕ್ಕನದೊಂದು ಸಿದ್ಧಾಂತವಿದೆ. ಜಪಾನಿನವರು ಸಿಂಗಪುರ ಹಿಡಿದ ಮೇಲೆ ಅಲ್ಲಿನ ಗಡಿಯಾರಗಳನ್ನೆಲ್ಲ ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿ ಟೋಕಿಯೋ ಟೈಮಿಗೆ ತಂದಿದ್ದರು. ನಮ್ಮೂರಲ್ಲಿ ನಾಲ್ಕು ಹೊಡೆದಾಗ ಟೋಕಿಯೋದಲ್ಲಿ ಏಳೂವರೆ. ಏಳೂವರೆಗೆ ಎದ್ದರೆ ತಡವಾಯಿತೆಂದೇ ಅಪ್ಪ ನಮ್ಮನ್ನು ಬೈಯುತ್ತಿದ್ದುದು ಅಂತ ಅಕ್ಕ ಹೇಳುತ್ತಾಳೆ. ಲೆಕ್ಕವೇನೋ ಸರಿಯಾಗಿಯೇ ಕೂಡುತ್ತದೆ.

ನಮಗೆ ಗೊತ್ತಿದ್ದ ಎರಡನೇ ಮಹಾಯುದ್ಧ ಇಷ್ಟೇ. ಮಿಕ್ಕಿದ್ದನ್ನು ನಾವು ದೊಡ್ಡವರಾದ ಮೇಲೆ ಪುಸ್ತಕದಿಂದ ತುಂಬಿಸಿಕೊಂಡೆವು. ಅಪ್ಪ ಮೈಸೂರು ಇನ್‌ಫೆಂಟ್ರಿಯಲ್ಲಿದ್ದರು. ಅದು ಮಹಾರಾಜರ ಸೈನ್ಯ, ಬ್ರಿಟಿಷರ ನೆರವಿಗೆಂದು ಮಲಯಕ್ಕೆ ಹೋಯಿತು. ಹೀಗೆ ಸಂಸ್ಥಾನಗಳಿಂದ ಹೋದ ದಳಗಳಿಗೆ ಬ್ರಿಟಿಷರು ಕೊಟ್ಟ ಕೆಲಸ ವಿಮಾನ ನಿಲ್ದಾಣ ಕಾಯುವುದು. ಮಲಯ, ಸಿಂಗಪುರ ಉಳಿಸಿಕೊಳ್ಳಲು 336 ವಿಮಾನ ಬೇಕೆಂದು ಲಂಡನ್ನಿನ ದೊಡ್ಡವರೇ ಲೆಕ್ಕ ಹಾಕಿದ್ದರು. 1941ರ ಡಿಸೆಂಬರಿನಲ್ಲಿ ಯುದ್ಧ ಶುರುವಾದಾಗ ಇದ್ದದ್ದು ಅದರ ಅರ್ಧಕ್ಕಿಂತ ಕಮ್ಮಿ. ಟ್ಯಾಂಕಂತೂ ಒಂದೂ ಇರಲಿಲ್ಲ. “ಏನು ಕಾಯ್ತಿದ್ರಪ್ಪ ಹಾಗಾದ್ರೆ?” ಎಂದು ನಾನೊಮ್ಮೆ ಕೇಳಿದ್ದೆ. “ಹುಲ್ಲು” ಅಂದಿದ್ದರು.

ಜಪಾನಿನ ಪಡೆ ಮಲಯದ ಕೋಟ ಬಾರು ಎಂಬಲ್ಲಿ ಡಿಸೆಂಬರ್ 8ರ ನಡುರಾತ್ರಿ ದಾಟಿದ ಮೇಲೆ ದಡ ಹತ್ತಿತು. ಪರ್ಲ್ ಹಾರ್ಬರಿನ ಮೇಲೆ ಬಾಂಬು ಬೀಳುವುದಕ್ಕೆ ಇನ್ನೂ ಒಂದು ಗಂಟೆಗೂ ಮೇಲಿತ್ತು. ಅಲ್ಲಿಂದ ದಕ್ಷಿಣಕ್ಕೆ ಅವರು ಬಂದದ್ದು ಬಹುಪಾಲು ಸೈಕಲ್ ಮೇಲೆ. ಬ್ರಿಟಿಷರು ಹಾಕಿಸಿದ್ದ ಒಳ್ಳೊಳ್ಳೆಯ ಡಾಂಬರು ರಸ್ತೆ, ರಬ್ಬರ್ ತೋಟದ ನೆರಳು, ಇನ್ನೇನು ಬೇಕು? ಬಿಸಿಲಿಗೆ ಟೈರು ಒಡೆದರೆ ಕಿತ್ತೆಸೆದು ಬರಿ ರಿಮ್ಮಿನ ಮೇಲೆ ತುಳಿದುಕೊಂಡು ಬಂದರು. ರಾತ್ರಿ ಹೊತ್ತು ನೂರಾರು ರಿಮ್ಮುಗಳ ಕಟಕಟ ಸದ್ದು ಕೇಳಿದ ಕಾವಲಿನವರು ಟ್ಯಾಂಕು ಬಂತೆಂದು ಹಿಂದಕ್ಕೆ ಸರಿದದ್ದೂ ಉಂಟು. ನಮ್ಮಪ್ಪ ಕೇಳಿಸಿಕೊಂಡದ್ದು ಟ್ಯಾಂಕಿನ ಸದ್ದೋ ಸೈಕಲ್ಲಿನ ಸದ್ದೋ ಎಂಬುದನ್ನು ಅವರು ಎಂದೂ ಬಾಯಿಬಿಡಲಿಲ್ಲ. ಸೈಕಲ್ಲಿನ ಮೇಲೆ ಅವರಿಗಿದ್ದ ಸಿಟ್ಟನ್ನು ನೋಡಿದರೆ ಊಹಿಸುವುದು ಕಷ್ಟವಲ್ಲ.

ಅಪ್ಪ ಹೋಗಿ ಬಹಳ ವರ್ಷಗಳಾದ ಮೇಲೆ ಈ ಯುದ್ಧವನ್ನು ಮತ್ತೆ ಎಬ್ಬಿಸಿದ್ದು ಮೊಮ್ಮಗಳ ಶಾಲೆ. ‘ನಮ್ಮ ಕುಟುಂಬ ಮತ್ತು ಚರಿತ್ರೆ’ ಎಂದೊಂದು ಪ್ರಾಜೆಕ್ಟ್. ತರಗತಿಯ ಮಿಕ್ಕ ಮಕ್ಕಳಿಗೆಲ್ಲ ಮುತ್ತಾತಂದಿರು ಸ್ವಾತಂತ್ರ್ಯ ಹೋರಾಟಗಾರರೇ ಸಿಕ್ಕಿದ್ದರಂತೆ. ಅಷ್ಟೊಂದು ಜನ ಹೋರಾಡುತ್ತಿದ್ದರೆ ಬ್ರಿಟಿಷರು 1947ರವರೆಗೆ ಹೇಗೆ ತಡೆದುಕೊಂಡರೋ. “ತಾತ, ನಮ್ಮ ಮುತ್ತಾತ ಯಾವ ಕಡೆ ಇದ್ರು?” ಎಂದು ಕೇಳಿದಳು. ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಕೇಳಬಾರದು. ಯಾಕೆಂದರೆ ಜಪಾನಿನವರಿಗೆ ಸೆರೆಸಿಕ್ಕ ಭಾರತೀಯರಲ್ಲಿ ಕೆಲವರು ಬ್ರಿಟಿಷರ ವಿರುದ್ಧ ಕಟ್ಟಿದ ಆಜಾದ್ ಹಿಂದ್ ಫೌಜು ಸೇರಿದರು, ಕೆಲವರು ಸೇರಲಿಲ್ಲ. ಅಪ್ಪ ಸೇರಿದ್ದರು ಎಂದು ಅಕ್ಕ, ಸೇರಿರಲಿಲ್ಲ ಎಂದು ತಮ್ಮ, ಇಬ್ಬರೂ ಐವತ್ತು ವರ್ಷದಿಂದ ಜಗಳವಾಡುತ್ತಿದ್ದಾರೆ. ನಡುಮನೆಯಲ್ಲಿ ನೇತಾಜಿ ಫೋಟೋ ಇತ್ತಲ್ಲ ಎಂಬುದು ಅಕ್ಕನ ಸಾಕ್ಷಿ. ಬೀರುವಿನಲ್ಲಿ ಬ್ರಿಟಿಷರು ಕೊಟ್ಟ ಪೆಸಿಫಿಕ್ ಸ್ಟಾರ್ ಪದಕ ಇದೆಯಲ್ಲ ಎಂಬುದು ತಮ್ಮನ ಸಾಕ್ಷಿ. ಯುದ್ಧ ಮುಗಿದ ಮೇಲೆ ಬ್ರಿಟಿಷರು ತಮ್ಮ ಸೈನಿಕರನ್ನು ವಿಚಾರಣೆ ಮಾಡಿ ಬಿಳಿ, ಬೂದು, ಕಪ್ಪು ಎಂದು ಮೂರು ಬಣ್ಣವಾಗಿ ವಿಂಗಡಿಸಿದರು. ನಿಷ್ಠೆಯಿಂದಿದ್ದವರು ಬಿಳಿ, ಮನಸಾರೆ ಸೇರಿದವರು ಕಪ್ಪು. ಅಪ್ಪನ ಬಣ್ಣ ಯಾವುದೋ ಅವರು ಹೇಳಲಿಲ್ಲ. ಕೇಳಿದಾಗಲೆಲ್ಲ ಎಲೆಗೆ ಸುಣ್ಣ ಹಚ್ಚುತ್ತ ಕೂರುತ್ತಿದ್ದರು.

“ಕಣ್ಣು ಮುಚ್ಚೋದರೊಳಗೆ ಒಂದ್ಸಲ ಅಪ್ಪ ಓಡಾಡಿದ ಜಾಗ ನೋಡ್ಬೇಕು ಕಣೋ” ಅಂದಳು ಅಕ್ಕ.

“ಓಡಾಡಿದ ಜಾಗ ಅಲ್ಲಕ್ಕ, ಓಡಿದ ಜಾಗ” ಅಂದೆ. ಎರಡು ದಿನ ಮಾತು ಬಿಟ್ಟಳು.

ಮಗ ಮಲೇಷ್ಯಾ, ಸಿಂಗಪುರದ ಪ್ಯಾಕೇಜ್ ಟೂರು ಹಿಡಿದ. ಬೆಳಿಗ್ಗೆ ಇಡ್ಲಿ ಉಪ್ಪಿಟ್ಟು, ರಾತ್ರಿ ಅನ್ನ ಸಾರು, ಬಸ್ಸಿನಲ್ಲಿ ಅಂತ್ಯಾಕ್ಷರಿ. ಸೊಸೆಗೆ ಯೂನಿವರ್ಸಲ್ ಸ್ಟುಡಿಯೋ, ನನ್ನ ಹೆಂಡತಿಗೆ ಮುಸ್ತಫಾ ಸೆಂಟರ್, ಮೊಮ್ಮಗಳಿಗೆ ಪ್ರಾಜೆಕ್ಟು, ಅಕ್ಕನಿಗೆ ಅಪ್ಪ. ಹೀಗೆ ಆರು ಜನ ಆರು ಬೇರೆ ಬೇರೆ ಊರಿಗೆ ಒಂದೇ ವಿಮಾನದಲ್ಲಿ ಹೊರಟೆವು. ಹಾಸನದ ಕಡೆಯ ಟೂರ್ ಮ್ಯಾನೇಜರ್ ಹುಡುಗ ಬಲು ವಿನಯವಂತ. ಅಪ್ಪನ ಕತೆಯನ್ನೆಲ್ಲ ಕೇಳಿ, ಫೈಲು ಬಿಚ್ಚಿ ಬೆರಳಾಡಿಸಿ, “ಸರ್, ವಾರು ನಮ್ಮ ಇಟಿನರೀಲಿ ಬರಲ್ಲ. ಕೊನೇಲಿ ಒಂದು ಫ್ರೀ ಡೇ ಇದೆ, ಅದರಲ್ಲಿ ಇಟ್ಕೊಬಿಡಿ” ಅಂದ. ಯುದ್ಧವನ್ನು ಫ್ರೀ ಡೇಯಲ್ಲಿ ಇಟ್ಟುಕೊಂಡೆವು.

ಆದರೆ ಅಪ್ಪ ಫ್ರೀ ಡೇವರೆಗೆ ಕಾಯಲಿಲ್ಲ. ಕ್ವಾಲಾಲಂಪುರದಿಂದ ಬಸ್ಸು ಜೊಹೋರಿಗೆ ಬಂದು ಕಾಸ್‌ವೇ ಹತ್ತುವಾಗಲೇ ಎದುರಾದರು. ಮಲೇಷ್ಯಾಕ್ಕೂ ಸಿಂಗಪುರಕ್ಕೂ ನಡುವೆ ಕಡಲ ಮೇಲೆ ಹಾಕಿದ ಈ ಏರಿ ಒಂದು ಕಿಲೋಮೀಟರಿಗಿಂತ ಸ್ವಲ್ಪ ಉದ್ದ. 1942ರ ಜನವರಿ ಕೊನೆಯಲ್ಲಿ ಸೋತ ಸೈನ್ಯವೆಲ್ಲ ಇದರ ಮೇಲೆಯೇ ದ್ವೀಪದೊಳಕ್ಕೆ ಬಂದು, 31ನೇ ತಾರೀಕು ಹಿಂದಿನಿಂದ ಏರಿಯನ್ನು ಒಡೆದುಹಾಕಿತು. ಕಟ್ಟಕಡೆಗೆ ದಾಟಿದವರು ಸ್ಕಾಟ್ಲೆಂಡಿನ ಆರ್ಗೈಲ್ ರೆಜಿಮೆಂಟಿನವರು. ಅಳಿದುಳಿದವರ ಜೊತೆ ಇಬ್ಬರು ಬ್ಯಾಗ್‌ಪೈಪು ಊದಿಕೊಂಡು ಬಂದರು. “ಸೋತು ಓಡಿ ಬರ್ತಾವ್ರೆ, ಹಿಂದೆ ಮದುವೆ ದಿಬ್ಬಣದ ಥರ ಓಲಗ” ಎಂದು ಅಪ್ಪ ಈ ಒಂದು ಕತೆಯನ್ನು ಮಾತ್ರ ಉತ್ಸಾಹದಿಂದ ಹೇಳುತ್ತಿದ್ದರು. ಅಪ್ಪ ಆ ಏರಿಯನ್ನು ರಾತ್ರಿ ನಡೆದು ದಾಟಿದ್ದರಂತೆ. ನಾವು ಎಸಿ ಬಸ್ಸಿನಲ್ಲಿ ಕೂತು ಅದಕ್ಕಿಂತ ನಿಧಾನವಾಗಿ ದಾಟಿದೆವು. ಶುಕ್ರವಾರ ಸಂಜೆ, ಮುಂದೆ ಲಾರಿ, ಹಿಂದೆ ಲಾರಿ, ಪಕ್ಕದಲ್ಲಿ ಮೋಟರ್‌ಸೈಕಲ್ಲುಗಳ ಪ್ರವಾಹ. ಆಮೇಲೆ ಲಗೇಜು ಸಮೇತ ಇಳಿದು ಕ್ಯೂ. “ಅಪ್ಪಂಗೆ ಯಾರೂ ಪಾಸ್‌ಪೋರ್ಟ್ ಕೇಳ್ಲಿಲ್ಲ” ಅಂದಳು ಅಕ್ಕ, ಅಡಿಕೆ ಡಬ್ಬಿಯನ್ನು ಅಧಿಕಾರಿಯ ಮುಂದೆ ಬಿಚ್ಚಿ ತೋರಿಸುತ್ತ. ಹೊಗೆಸೊಪ್ಪು ಆ ದೇಶದೊಳಕ್ಕೆ ಹೋಗುವಂತಿಲ್ಲ. ಇದು ಗೊತ್ತಿದ್ದ ಮಗ ಬೆಂಗಳೂರಲ್ಲೇ ಕಸಿದಿಟ್ಟಿದ್ದ. ಅಕ್ಕ ಆ ಸಿಟ್ಟನ್ನು ಸಿಂಗಪುರ ಸರ್ಕಾರದ ಖಾತೆಗೆ ಬರೆದುಕೊಂಡಿದ್ದಳು.

ಮಾರನೆಯ ದಿನ ಸೆಂಟೋಸಾ. ಈ ದ್ವೀಪದ ಒಂದು ಕಡೆ ರೋಲರ್ ಕೋಸ್ಟರು, ಇನ್ನೊಂದು ಕಡೆ ಸಿಲೋಸೋ ಕೋಟೆ. ಕೋಟೆಯಲ್ಲಿ ಹಳೆಯ ಫಿರಂಗಿಗಳಿವೆ, ಶರಣಾಗತಿಯ ದೃಶ್ಯವನ್ನು ಮೇಣದ ಬೊಂಬೆಗಳಲ್ಲಿ ಮಾಡಿಟ್ಟಿದ್ದಾರೆ. ಸಿಂಗಪುರದ ಫಿರಂಗಿಗಳೆಲ್ಲ ಸಮುದ್ರಕ್ಕೆ ಮುಖ ಮಾಡಿದ್ದವು, ಜಪಾನಿನವರು ಹಿತ್ತಲ ಬಾಗಿಲಿಂದ ಬಂದರು ಎಂದು ನಾವು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೆವು. ಅಲ್ಲಿದ್ದ ಗೈಡು ನಯವಾಗಿ ತಿದ್ದಿದ. ಬಹಳಷ್ಟು ಫಿರಂಗಿಗಳನ್ನು ನೆಲದ ಕಡೆಗೂ ತಿರುಗಿಸಬಹುದಿತ್ತು, ತಿರುಗಿಸಿ ಹಾರಿಸಿಯೂ ಇದ್ದರು. ತೊಂದರೆ ಇದ್ದದ್ದು ಗುಂಡುಗಳಲ್ಲಿ. ಅವು ಹೆಚ್ಚಾಗಿ ಹಡಗಿನ ಉಕ್ಕನ್ನು ತೂತು ಮಾಡಲು ತಂದವು, ಚದುರಿ ಬರುವ ಸೈನಿಕರ ಮೇಲೆ ಬಿದ್ದರೆ ಮಣ್ಣಿನಲ್ಲಿ ಹೂತುಹೋಗುತ್ತಿದ್ದವು. ಚರಿತ್ರೆಕಾರರೂ ಇದನ್ನೇ ಹೇಳುತ್ತಾರೆ. ಅಕ್ಕನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಆದರೆ ಅಪ್ಪನ ಮಾತನ್ನು ಯಾರಾದರೂ ಅಲ್ಲಗಳೆದರೆ ಅದು ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ.

“ನಮ್ಮಪ್ಪ ಇಲ್ಲಿದ್ರು. ಅವನಿದ್ನಾ ಕೇಳು” ಎಂದು ಮೊಮ್ಮಗಳನ್ನು ಮುಂದೆ ನೂಕಿದಳು.

“ದೊಡ್ಡಜ್ಜಿ ಸೇಸ್ ವೆರಿ ನೈಸ್ ಮ್ಯೂಸಿಯಂ” ಎಂದು ಮೊಮ್ಮಗಳು ಗೈಡಿಗೆ ತಲುಪಿಸಿದಳು. ಅವನು ಅಕ್ಕನಿಗೆ ಬಗ್ಗಿ ನಮಸ್ಕರಿಸಿದ. ಅಕ್ಕ ಗೆದ್ದೆನೆಂದುಕೊಂಡಳು. ಹುಡುಗಿಗೆ ವಿದೇಶಾಂಗ ಇಲಾಖೆಯಲ್ಲಿ ಭವಿಷ್ಯವಿದೆ.

ಅದೇ ದಿನ ಮಧ್ಯಾಹ್ನ ಫುಡ್ ಕೋರ್ಟಿನಲ್ಲಿ ಆದದ್ದನ್ನು ಹೇಳಲೇಬೇಕು. ಮೊಮ್ಮಗಳು ಒಂದು ದೊಡ್ಡ ಲೋಟದಲ್ಲಿ ಬಬಲ್ ಟೀ ತಂದು ಹೆಬ್ಬೆರಳು ಗಾತ್ರದ ಸ್ಟ್ರಾ ಹಾಕಿ ಹೀರುತ್ತಿದ್ದಳು. ತಳದಲ್ಲಿ ಕಪ್ಪು ಗುಂಡುಗಳು. “ಏನೇ ಅದು, ನೇರಳೆಹಣ್ಣಾ?” ಎಂದು ಅಕ್ಕ ಕೇಳಿ, ಒಂದು ಗುಟುಕು ಕುಡಿದು, ಎರಡು ಗುಂಡನ್ನು ಜಗಿದು, “ಚೆನ್ನಾಗಿದೆ, ನಂಗೂ ಒಂದು ಹೇಳು” ಅಂದಳು. ತರಿಸಿಕೊಟ್ಟೆವು. ಅರ್ಧ ಲೋಟ ಖಾಲಿಯಾದ ಮೇಲೆ ಸೊಸೆ ಮುಗ್ಧವಾಗಿ, “ದೊಡ್ಡತ್ತೆ, ಅದು ಟ್ಯಾಪಿಯೋಕಾದಲ್ಲಿ ಮಾಡೋದು. ಮರಗೆಣಸು” ಎಂದಳು.

ಜಪಾನಿನವರ ಕೈಯಲ್ಲಿದ್ದ ಸಿಂಗಪುರಕ್ಕೆ ಅಕ್ಕಿ ಬರುವುದು ನಿಂತು, ಊರಿಗೆ ಊರೇ ಗೆಣಸು ತಿಂದು ಬದುಕಿತು. ಆಟದ ಬಯಲು, ಮನೆಯಂಗಳ, ಸಿಕ್ಕಿದ ಕಡೆಯೆಲ್ಲ ಗೆಣಸಿನ ಕಡ್ಡಿ ನೆಟ್ಟರು. ಗೆಣಸಿನ ಗಂಜಿ, ಗೆಣಸಿನ ರೊಟ್ಟಿ, ಗೆಣಸಿನ ಹಿಟ್ಟು. ಸೆರೆಯವರ ಪಾಡನ್ನು ಕೇಳುವುದೇ ಬೇಡ. ಕಡ್ಡಿ ನೆಟ್ಟದ್ದೂ ಅವರೇ, ಕಿತ್ತದ್ದೂ ಅವರೇ. ಅದೇ ಊರಿನಲ್ಲಿ ಈಗ ಮಕ್ಕಳು ಆ ಗೆಣಸನ್ನು ಗುಂಡು ಮಾಡಿ, ಬೆಲ್ಲದ ಪಾಕದಲ್ಲಿ ನೆನೆಸಿ, ದುಡ್ಡು ಕೊಟ್ಟು ಕ್ಯೂ ನಿಂತು ಕುಡಿಯುತ್ತಾರೆ. ಅಕ್ಕ ಲೋಟವನ್ನು ಕೆಳಗಿಟ್ಟಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. “ಅಪ್ಪಂಗೆ ಹೇಳ್ಬೇಡಿ” ಎಂದು ಮತ್ತೆ ಎತ್ತಿಕೊಂಡಳು.

ಚೈನಾಟೌನಿನಲ್ಲಿ ಇನ್ನೊಂದು ಆಘಾತ ಕಾದಿತ್ತು. ಜಪಾನಿನವರು ಅಲ್ಲಿ ಚಲಾವಣೆಗೆ ತಂದ ಹತ್ತು ಡಾಲರಿನ ನೋಟಿನ ಮೇಲೆ ಗೊನೆ ಬಿಟ್ಟ ಬಾಳೆಗಿಡದ ಚಿತ್ರವಿತ್ತು. ಜನ ಅದಕ್ಕೆ ಬಾಳೆಹಣ್ಣಿನ ದುಡ್ಡು ಎಂದೇ ಹೆಸರಿಟ್ಟಿದ್ದರು. ಬೇಕಾದಷ್ಟು ಮುದ್ರಿಸಿ ಮುದ್ರಿಸಿ ಕೊನೆಗೆ ಅದಕ್ಕೆ ಕಾಗದದ ಬೆಲೆಯೂ ಉಳಿಯಲಿಲ್ಲ. ಅಪ್ಪ ಅಂಥದ್ದೊಂದು ಕಟ್ಟು ತಂದಿದ್ದರು. ಅವರಿಗೆ ಅದರ ಬೆಲೆ ಗೊತ್ತಿತ್ತು, ಅಮ್ಮನಿಗೆ ಹೇಳಿರಲಿಲ್ಲ. ದೀಪಾವಳಿಯ ಲಕ್ಷ್ಮೀಪೂಜೆಗೆ ಅಮ್ಮ ಆ ಕಟ್ಟನ್ನು ಕಳಶದ ಪಕ್ಕ ಇಟ್ಟು ಪ್ರತಿ ವರ್ಷ ಕುಂಕುಮ ಏರಿಸಿದಳು. ಕಷ್ಟಕಾಲಕ್ಕೆ ಇದೊಂದಿದೆ ಎಂಬ ಧೈರ್ಯದಲ್ಲಿ ಕಷ್ಟಕಾಲಗಳನ್ನೆಲ್ಲ ದಾಟಿದಳು, ಹಾಗಾಗಿ ಅದು ಪೂರ್ತಿ ಖೋಟಾ ದುಡ್ಡು ಎಂದು ನಾನು ಹೇಳಲಾರೆ. ಅದೇ ನೋಟು ಚೈನಾಟೌನಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ನೇತಾಡುತ್ತಿತ್ತು, ನೆನಪಿನ ಕಾಣಿಕೆಯಾಗಿ. ನನ್ನ ಹೆಂಡತಿ ಬೆಲೆ ವಿಚಾರಿಸಿ, ಬೀರುವಿನಲ್ಲಿರುವುದನ್ನು ಮನಸ್ಸಿನಲ್ಲೇ ಗುಣಿಸಿ, “ರೀ, ಅದನ್ನ ತಂದಿದ್ರೆ ಮಾರಿಬಿಟ್ಟು ಟಿಕೆಟ್ ಖರ್ಚಾದ್ರೂ ಹುಟ್ಟಿಸಬಹುದಿತ್ತಲ್ಲ” ಅಂದಳು. ಕುಂಕುಮ ಬಳಿದ ನೋಟನ್ನು ಯಾರು ಕೊಳ್ಳುತ್ತಾರೆ ಎಂಬ ಚರ್ಚೆಯಲ್ಲಿ ಬಸ್ಸಿಗೆ ತಡವಾಯಿತು.

ಫ್ರೀ ಡೇ ಬಂತು. ಬೆಳಿಗ್ಗೆ ಫೋರ್ಡ್ ಕಾರ್ಖಾನೆ. ಬುಕಿತ್ ತಿಮಾ ರಸ್ತೆಯ ಆ ಕಟ್ಟಡ ಈಗ ಮ್ಯೂಸಿಯಂ. ಅಲ್ಲಿಯೇ 1942ರ ಫೆಬ್ರವರಿ 15ರ ಸಂಜೆ ಬ್ರಿಟಿಷರ ಜನರಲ್ ಪರ್ಸಿವಲ್ ಜಪಾನಿನ ಜನರಲ್ ಯಮಾಶಿತನ ಮುಂದೆ ಕೂತು ಶರಣಾಗತಿಗೆ ಸಹಿ ಹಾಕಿದ್ದು. ಚೀನೀಯರಿಗೆ ಅವತ್ತು ಹೊಸ ವರ್ಷದ ಹಬ್ಬ. ಯಮಾಶಿತನ ಹತ್ತಿರ ಇದ್ದದ್ದು ಸುಮಾರು ಮೂವತ್ತು ಸಾವಿರ ಜನ, ಗುಂಡುಮದ್ದೂ ತಳ ಕಂಡಿತ್ತು. ಎದುರಿಗಿದ್ದವರು ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಬೀದಿ ಬೀದಿಯಲ್ಲಿ ಕಾದಾಟಕ್ಕೆ ಇಳಿದರೆ ಸೋಲುವುದು ತಾನೇ ಎಂದು ಯಮಾಶಿತನಿಗೆ ಗೊತ್ತಿತ್ತು, ಅದಕ್ಕೇ ಮೇಜು ಗುದ್ದಿ ಗದರಿಸಿದ. ಪರ್ಸಿವಲ್ ನಂಬಿದ. ಬ್ರಿಟಿಷರ ಚರಿತ್ರೆಯಲ್ಲೇ ಇಷ್ಟು ದೊಡ್ಡ ಶರಣಾಗತಿ ಇನ್ನೊಂದಿಲ್ಲ ಎಂದು ಆಮೇಲೆ ಚರ್ಚಿಲ್ ಹಲುಬಿದ. ಕಾರಿನ ಕಾರ್ಖಾನೆಯೊಳಗೆ ಕೂತು ಸೈಕಲ್ಲಿನವರಿಗೆ ಶರಣಾದರಲ್ಲ ಎಂಬುದು ನನಗೆ ಅಲ್ಲಿ ಹೊಳೆಯಿತು. ಅಪ್ಪ ಇದ್ದಿದ್ದರೆ ಹೇಳಿ ಬೈಸಿಕೊಳ್ಳುತ್ತಿದ್ದೆ.

ಅಲ್ಲಿಂದ ಕ್ರಾಂಜಿ ಯುದ್ಧ ಸ್ಮಶಾನ. ದಿಬ್ಬದ ಮೇಲೆ ಹಸಿರು ಹುಲ್ಲು, ಸಾಲು ಸಾಲು ಬಿಳಿ ಕಲ್ಲು, 4,461 ಸಮಾಧಿ. ಸಮಾಧಿಯೇ ಇಲ್ಲದವರಿಗೆಂದು ತುದಿಯಲ್ಲಿ ಗೋಡೆಗಳು. ಅವುಗಳ ಮೇಲೆ 24,000ಕ್ಕೂ ಹೆಚ್ಚು ಹೆಸರು ಕೆತ್ತಿದ್ದಾರೆ. ಅವುಗಳ ಹಿಂದೆ, ಸುಟ್ಟು ಸಂಸ್ಕಾರ ಮಾಡಿದ ಸುಮಾರು 800 ಜನರಿಗೆ ಬೇರೆಯೇ ಸ್ಮಾರಕ, ಹೆಚ್ಚಿನವರು ಭಾರತೀಯರು. ಹೆಸರಿನ ಗೋಡೆಗಳ ಮೇಲೆ ಹರಡಿಕೊಂಡ ಚಾವಣಿಯನ್ನು ವಿಮಾನದ ರೆಕ್ಕೆಯ ಆಕಾರದಲ್ಲಿ ಕಟ್ಟಿದ್ದಾರೆ. ಮಗ ಅದನ್ನು ವಿವರಿಸಿದ. ಅಕ್ಕ ಕತ್ತೆತ್ತಿ ನೋಡಿ, “ಕೊನೆಗೂ ವಿಮಾನ ಕೊಟ್ರು ಬಿಡು” ಅಂದಳು.

ಆಮೇಲೆ ಅವಳು ಹೆಸರು ಓದಲು ಶುರುಮಾಡಿದಳು. ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ, ಕಂಬ ಕಂಬದ ಮುಂದೆ ಕನ್ನಡಕ ಏರಿಸಿ ಇಳಿಸಿ. ಗುರ್ಖಾಗಳು, ಡೋಗ್ರಾಗಳು, ಸಿಖ್ಖರು, ಗಡ್‌ವಾಲಿಗಳು, ಪಂಜಾಬಿನ ಮುಸಲ್ಮಾನರು. ಬಿಸಿಲು ನೆತ್ತಿಗೆ ಬಂದಿತ್ತು. ಸೊಸೆ ಕೊಡೆ ಹಿಡಿದುಕೊಂಡು ಹಿಂದೆ ಹಿಂದೆಯೇ ನಡೆದಳು. ಬಹಳ ಹೊತ್ತಾದ ಮೇಲೆ ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು, “ಅಪ್ಪನ ಹೆಸರಿಲ್ಲ ಕಣೋ” ಅಂದಳು.

“ಅಕ್ಕ, ಅಪ್ಪ ಬದುಕಿ ವಾಪಸ್ ಬಂದ್ರಲ್ಲ. ಇದು ಸತ್ತೋರ ಪಟ್ಟಿ.”

“ನಂಗೊತ್ತಿಲ್ವಾ? ಆದ್ರೂ ಒಂದು ಹೆಸರು ಹಾಕಬಹುದಾಗಿತ್ತು. ಇಷ್ಟು ಜಾಗ ಇದೆ.”

“ಸತ್ತಿದ್ರೆ ನಾವಿಬ್ರೂ ಹುಟ್ತಿರಲಿಲ್ಲ.”

“ಹುಟ್ಟಿದ್ದಕ್ಕೆ ನೀನೇನು ಕಡಿದು ಕಟ್ಟೆ ಹಾಕಿದೀಯ?” ಎಂದು ಎದ್ದಳು. ಸಂದರ್ಶಕರ ಪುಸ್ತಕದಲ್ಲಿ ಅಪ್ಪನ ಪೂರ್ತಿ ಹೆಸರು, ಊರು, ತಾಲ್ಲೂಕು, ಜಿಲ್ಲೆ ಎಲ್ಲವನ್ನೂ ಕನ್ನಡದಲ್ಲಿ ದಪ್ಪಗೆ ಬರೆದಳು. ‘ಅಭಿಪ್ರಾಯ’ ಎಂಬ ಕಡೆ ‘ಬಂದು ಹೋದರು’ ಎಂದು ಸೇರಿಸಿದಳು. ಆ ಸ್ಮಶಾನಗಳನ್ನು ನೋಡಿಕೊಳ್ಳುವ ಆಯೋಗ ಎಂದಾದರೂ ಆ ಪುಟವನ್ನು ಯಾರಿಂದಲಾದರೂ ಓದಿಸಿದರೆ, ಅವರಿಗೆ ನಮ್ಮ ತಾಲ್ಲೂಕಿನ ಮೇಲೆ ಗೌರವ ಹೆಚ್ಚೀತು.

ಸಂಜೆಗೆ ಉಳಿದದ್ದು ಫ್ಯಾರರ್ ಪಾರ್ಕ್. ಶರಣಾಗತಿಯಾದ ಎರಡು ದಿನಕ್ಕೆ, ಫೆಬ್ರವರಿ 17ರಂದು, ಬಿಳಿಯ ಸೈನಿಕರನ್ನು ಚಾಂಗಿಯ ಸೆರೆ ಶಿಬಿರಕ್ಕೆ ಕಳಿಸಿ ಭಾರತೀಯರನ್ನು ಮಾತ್ರ ಈ ಬಯಲಿನಲ್ಲಿ ಸೇರಿಸಿದರು. ಸುಮಾರು 45,000 ಜನ ಎಂದು ಹೇಳುತ್ತಾರೆ. ಬ್ರಿಟಿಷ್ ಅಧಿಕಾರಿಯೊಬ್ಬ ಬಂದು, ಇನ್ನು ಮುಂದೆ ಜಪಾನಿನವರು ಹೇಳಿದಂತೆ ಕೇಳಿ ಎಂದು ಹೇಳಿ ಇಳಿದುಹೋದ. ಆಮೇಲೆ ಮೇಜರ್ ಫುಜಿವಾರ ಜಪಾನೀ ಭಾಷೆಯಲ್ಲಿ ಮಾತಾಡಿದ; ಅದನ್ನೊಬ್ಬರು ಇಂಗ್ಲಿಷಿಗೆ ತಂದರು; ಇಂಗ್ಲಿಷಿನಿಂದ ಇನ್ನೊಬ್ಬರು ಹಿಂದೂಸ್ತಾನಿಗೆ ತಂದರು. ಕೊನೆಗೆ ಕ್ಯಾಪ್ಟನ್ ಮೋಹನ್ ಸಿಂಗ್ ಎದ್ದು, ಭಾರತದ ಬಿಡುಗಡೆಗೆ ನಮ್ಮದೇ ಸೈನ್ಯ ಕಟ್ಟೋಣ ಎಂದ. ಬಯಲೆಲ್ಲ ಟೋಪಿ ಹಾರಿಸಿ ಕೂಗಿತಂತೆ. ಮಂಡ್ಯದ ಕಡೆಯ ಹಳ್ಳಿಯಿಂದ ಹೋದ ಅಪ್ಪನಿಗೆ ಈ ಮೂರು ಭಾಷೆಗಳಲ್ಲಿ ಮೂರೂ ಬರುತ್ತಿರಲಿಲ್ಲ. ಪಕ್ಕದಲ್ಲಿದ್ದ ಹವಾಲ್ದಾರರು ಕನ್ನಡದಲ್ಲಿ ಸಾರಾಂಶ ಹೇಳಿದರು: “ಅವ್ರು ನಮ್ಮನ್ನ ಇವ್ರಿಗೆ ವಹಿಸಿಕೊಟ್ರು. ಇವ್ರು ನಮ್ಮನ್ನ ನಮಗೇ ವಹಿಸಿಕೊಡ್ತಾರಂತೆ.” ಊಟ ಯಾವಾಗ ಎಂದು ಅಪ್ಪ ಕೇಳಿದರಂತೆ. ಅದನ್ನು ಯಾವ ಭಾಷೆಯವರೂ ಹೇಳಿರಲಿಲ್ಲ.

ಈ ಬಯಲು ಮುಸ್ತಫಾ ಸೆಂಟರಿನಿಂದ ನಡೆದು ಹೋಗುವಷ್ಟು ಹತ್ತಿರ. ಹಾಗಾಗಿ ನಮ್ಮ ಸೈನ್ಯ ಅಲ್ಲಿ ಎರಡು ಭಾಗವಾಯಿತು. ನನ್ನ ಹೆಂಡತಿ, ಸೊಸೆ ಮುಸ್ತಫಾದೊಳಕ್ಕೆ ನುಗ್ಗಿದರು. ಚಿನ್ನದಿಂದ ಬಾದಾಮಿವರೆಗೆ, ಕೈಗಡಿಯಾರದಿಂದ ಕೊಬ್ಬರಿ ತುರಿಯುವ ಮಣೆಯವರೆಗೆ ಸಿಗುವ ಅಂಗಡಿ ಅದು, ಒಳಗೆ ಹೋದವರನ್ನು ಯಾವ ಒಪ್ಪಂದದಿಂದಲೂ ಬಿಡಿಸಿಕೊಳ್ಳಲಾಗುವುದಿಲ್ಲ. ಮಿಕ್ಕವರು ಬಯಲಿಗೆ ಬಂದೆವು. ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಅಕ್ಕ ಅಂಚಿನಲ್ಲಿ ಒಂದು ಸುತ್ತು ಹಾಕಿ, ಒಂದು ದೊಡ್ಡ ಮರದ ಕೆಳಗೆ ನಿಂತು, “ಇಲ್ಲೇ. ಅಪ್ಪಂಗೆ ಬಿಸಿಲು ಆಗ್ತಿರಲಿಲ್ಲ. ನೆರಳಿದ್ದ ಕಡೆ ತಾನೇ ನಿಂತಿರ್ತಾರೆ” ಎಂದು ತೀರ್ಮಾನ ಕೊಟ್ಟಳು. ಮರಕ್ಕೆ ಅಷ್ಟು ವಯಸ್ಸಾಗಿರಲಾರದು ಎಂದು ಮಗ ಬಾಯಿ ತೆರೆದ. ನಾನು ಕಾಲು ತುಳಿದೆ.

ಅಷ್ಟರಲ್ಲಿ ತಮ್ಮನ ವಿಡಿಯೋ ಕಾಲ್. ಮರ, ಬಯಲು, ಅಕ್ಕ ಎಲ್ಲರನ್ನೂ ತೋರಿಸಿದ್ದಾಯಿತು. “ಎಸ್‌ಪ್ಲನೇಡ್ ಪಾರ್ಕಿನಲ್ಲಿ ನೇತಾಜಿ ಸ್ಮಾರಕ ನೋಡಿದ್ರಾ?” ಅಂದ. ಮರ್ಲಯನ್ ಸಿಂಹದ ಮುಂದೆ ಫೋಟೋಗೆಂದು ಬಸ್ಸು ನಿಲ್ಲಿಸಿದ್ದಾಗ ಅಕ್ಕ ನನ್ನ ಕೈ ಹಿಡಿದು ಎಳೆದುಕೊಂಡು ಸೇತುವೆ ದಾಟಿ ನೋಡಿಕೊಂಡು ಬಂದಿದ್ದಳು. ಬೋಸರು 1945ರ ಜುಲೈನಲ್ಲಿ ಅಲ್ಲಿ ಸ್ಮಾರಕಕ್ಕೆ ಕಲ್ಲು ಹಾಕಿದರು. ಸೆಪ್ಟೆಂಬರಿನಲ್ಲಿ ಮರಳಿ ಬಂದ ಬ್ರಿಟಿಷರು ಅದನ್ನು ಒಡೆದರು. 1995ರಲ್ಲಿ ಸಿಂಗಪುರದವರೇ ಅದೇ ಜಾಗದಲ್ಲಿ ಗುರುತಿನ ಕಲ್ಲು ನಿಲ್ಲಿಸಿದರು. ಅಕ್ಕ ಅದಕ್ಕೊಂದು ಸೆಲ್ಯೂಟ್ ಹೊಡೆದಿದ್ದಳು.

“ಅಪ್ಪ ಅಲ್ಲಿಗೆ ಹೋಗೇ ಇಲ್ಲ ಅಕ್ಕ. ಅಪ್ಪ ಸೇರಿರಲಿಲ್ಲ” ಎಂದ ತಮ್ಮ, ನಮ್ಮೂರಿನ ಜಗಲಿಯಿಂದ.

“ಸೈಕಲ್ ಕೊಡಿಸಲಿಲ್ಲ ಅಂತ ಅಪ್ಪನ್ನ ಬ್ರಿಟಿಷರ ಕಡೆ ಸೇರಿಸಬೇಡ ಕಣೋ” ಎಂದಳು ಅಕ್ಕ, ಮರದ ಕೆಳಗಿಂದ.

ರೋಮಿಂಗ್ ಪ್ಯಾಕು ಮುಗಿಯುವವರೆಗೆ ಕದನ ನಡೆಯಿತು. ಮೊಮ್ಮಗಳು ಎರಡೂ ಕಡೆಯ ವಾದವನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಕೂತಿದ್ದಳು. ಕೊನೆಗೆ ನನ್ನ ಹತ್ತಿರ ಬಂದು, “ತಾತ, ಮುತ್ತಾತ ನಿಂಗೆ ಏನು ಹೇಳಿದ್ರು?” ಎಂದು ಕೇಳಿದಳು. ಅಪ್ಪ ಕೊನೆಗಾಲದಲ್ಲಿ ಒಂದು ರಾತ್ರಿ, ಕರೆಂಟಿಲ್ಲದಾಗ, ಕೇಳದೆಯೇ ಹೇಳಿದ್ದ ಒಂದೇ ಒಂದು ಮಾತು ನನ್ನ ಹತ್ತಿರ ಇತ್ತು. ಹೇಳಿದೆ.

ಊರಿಗೆ ಬಂದ ಮೇಲೆ ಪ್ರಾಜೆಕ್ಟು ತಿದ್ದಿ ಬಂತು. ಕಾಸ್‌ವೇ ಫೋಟೋ, ರೆಕ್ಕೆಯ ಚಾವಣಿ, ಬಾಳೆಗಿಡದ ನೋಟು, ಮರದ ಕೆಳಗೆ ದೊಡ್ಡಜ್ಜಿ, ಎಲ್ಲ ಅಂಟಿಸಿದ್ದಳು. ‘ನಿಮ್ಮ ಹಿರಿಯರು ಯಾರ ಪರವಾಗಿ ಹೋರಾಡಿದರು?’ ಎಂಬ ಪ್ರಶ್ನೆಯ ಕೆಳಗೆ ದುಂಡಗೆ ಬರೆದಿದ್ದಳು: ‘ನನ್ನ ಮುತ್ತಾತ ಎರಡೂ ಕಡೆ ಊಟ ಮಾಡಿದ್ದಾರೆ. ಎರಡೂ ಕಡೆ ಚೆನ್ನಾಗಿರಲಿಲ್ಲವಂತೆ.’

ಟೀಚರು ಅಲ್ಲಿ ಕೆಂಪು ಇಂಕಿನ ಪ್ರಶ್ನಾರ್ಥಕ ಚಿಹ್ನೆ ಹಾಕಿ ಒಂದು ಮಾರ್ಕು ಕಳೆದಿದ್ದರು. ಮರುದಿನ ಬೆಳಿಗ್ಗೆಯೇ ಅಕ್ಕ, ಪೆಸಿಫಿಕ್ ಸ್ಟಾರನ್ನೂ ನೇತಾಜಿ ಫೋಟೋವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು, ಆಟೋ ಹಿಡಿದು ಶಾಲೆಗೆ ಹೊರಟಳು.